ಉಗುರಿನ ನೀಲಿ

ಅರ್ಧ ನಿಂಬೆಹಣ್ಣನ್ನು ಬೂದಿಯಲ್ಲಿ ಅದ್ದಿ ದುರ್ಗಾಬಾಯಿ ಹುಲಿಗೆಮ್ಮನ ಉಗುರುಗಳನ್ನು ಮತ್ತೊಮ್ಮೆ ಉಜ್ಜಿದಳು. ನೀಲಿ ಹೋಗಲಿಲ್ಲ. ಬೆರಳ ಸಂದಿ, ಅಂಗೈಯ ಗೆರೆ, ಮೊಳಕೈ ತನಕ ಅದೇ ಬಣ್ಣ. ಕೆಳತುಟಿಯ ಮೇಲೂ ಒಂದು ಎಳೆ. ಓಣಿಯಲ್ಲಿ ಯಾರು ಸತ್ತರೂ ಮೈ ತೊಳೆಯಲು ಬರುವ ಮುದುಕಿ ದುರ್ಗಾಬಾಯಿ, ಆಕೆ ನೋಡದ ಸಾವಿಲ್ಲ. ನಿಂಬೆಯನ್ನು ಬದಿಗಿಟ್ಟು ಹೊಸ್ತಿಲ ಹತ್ತಿರ ಕೂತಿದ್ದ ಮಲಕಪ್ಪನ ಕಡೆ ನೋಡಿದಳು, ನೋಡಿ ಮುಖ ತಿರುಗಿಸಿದಳು. ಹೆಂಡತಿ ಸತ್ತ ಗಂಡನನ್ನು ಯಾರೂ ಹಾಗೆ ನೋಡುವುದಿಲ್ಲ.

ನಿನ್ನೆ ಸಂಜೆ ನಲ್ಲಿಯ ಹತ್ತಿರ ಕೊಡ ಎತ್ತಲು ಬಗ್ಗಿದ ಹುಲಿಗೆಮ್ಮ ಮತ್ತೆ ಏಳಲಿಲ್ಲ. ಗೋವಾದ ಆ ಕುಡಚಡೆ ಪೇಟೆಯಿಂದ ಬಂದ ಡಾಕ್ಟರು ಮಬ್ಬು ಬೆಳಕಿನಲ್ಲೇ ನಾಡಿ ಹಿಡಿದು, ಎದೆ ನಿಂತಿದೆ ಎಂದು ಹೇಳಿ ಹೋಗಿದ್ದರು. ಬೆಳಕು ಹರಿದ ಮೇಲೆ ಕೈ ಕಂಡಿತು. ನೀಲಿಯಾದ ಮೈ ಎಂದರೆ ಏನು ಎಂಬುದು ನಮ್ಮ ಕಡೆಯ ಕೂಸಿಗೂ ಗೊತ್ತು. ಅಂಗಳದಲ್ಲಿ ಕೂತ ಹೆಂಗಸರ ಪಿಸುಮಾತಿನಲ್ಲಿ ‘ಇಲಿ ಪಾಷಾಣ’ ಎಂಬ ಮಾತು ಎರಡು ಸಲ ಮಲಕಪ್ಪನ ಕಿವಿಗೆ ಬಿತ್ತು. ಅವನು ಸಿಟ್ಟಾಗಲಿಲ್ಲ. ಅದೇ ಮಾತು ಅವನ ಹೊಟ್ಟೆಯೊಳಗೂ ಇತ್ತು.

* * *

ನಿನ್ನೆ ಮಧ್ಯಾಹ್ನ ಜಗಳವಾಗಿತ್ತು. ಇದ್ದದ್ದು ಒಂದೇ ಕೋಣೆ. ಅದರಲ್ಲಿ ಅಡ್ಡಕ್ಕೆ ಹಗ್ಗ, ಹಗ್ಗದ ತುಂಬ ಹುಲಿಗೆಮ್ಮ ಬಣ್ಣ ಹಾಕಿ ಒಣಗಿಸಿದ ನೂಲಿನ ಲಡಿ. ಅರಿಸಿನದ್ದು, ಉಳ್ಳಾಗಡ್ಡಿ ಸಿಪ್ಪೆಯದ್ದು, ದಾಳಿಂಬೆ ಸಿಪ್ಪೆಯದ್ದು. ಅರಿಸಿನದ ಲಡಿಯಿಂದ ತೊಟ್ಟಿಕ್ಕಿದ ಹನಿ ಮಲಕಪ್ಪನ ಬಿಳಿ ಅಂಗಿಯ ಬೆನ್ನಿಗೆ ಬಿದ್ದು, ಕೆಲಸ ಕೊಡುವ ಮುಕಾದಮನ ಮಗಳ ಮದುವೆಗೆಂದು ಇಸ್ತ್ರಿ ಮಾಡಿಸಿಟ್ಟ ಅಂಗಿ ಕೆಟ್ಟಿತು.

ಹುಲಿಗೆಮ್ಮನಿಗೆ ನೂಲಿನ ಹುಚ್ಚು. ನಾಲ್ಕು ಮನೆಯ ಪಾತ್ರೆ ತೊಳೆದು ಬಂದರೂ ಕಾಲು ಚಾಚಿ ಮಲಗುವವಳಲ್ಲ. ತಕಲಿ ತಿರುಗಿಸುತ್ತ ಕೂರುವಳು. ಅರಳೆ ಸಿಗದಿದ್ದರೆ ಗಂಡನ ತಲೆದಿಂಬಿಗೇ ಕೈ ಹಾಕುವಳು. ದಿಂಬು ದಿನದಿಂದ ದಿನಕ್ಕೆ ಯಾಕೆ ತೆಳ್ಳಗಾಗುತ್ತಿದೆ ಎಂಬುದು ಮಲಕಪ್ಪನಿಗೆ ಬಹಳ ದಿನ ತಿಳಿದಿರಲಿಲ್ಲ. ಕೆಲಸದ ಮನೆಯ ಅಜ್ಜಿಯೊಬ್ಬಳು ಕಡ್ಡಿಯಲ್ಲಿ ಹೆಣೆಯುವುದನ್ನು ಕಲಿಸಿದ ಮೇಲಂತೂ ಮುಗಿದೇ ಹೋಯಿತು. ಹೆಣೆಯುವಳು, ಬಿಚ್ಚುವಳು, ಬಣ್ಣ ಬದಲಿಸಿ ಮತ್ತೆ ಹೆಣೆಯುವಳು. ಈ ಸೆಕೆಯ ಊರಲ್ಲಿ ಸ್ವೆಟರ್ ಯಾರಿಗೆ, ಸಮುದ್ರಕ್ಕೇನು ಚಳಿ ಬಂದಿದೆಯೇ ಎಂದು ಅವನು ಛೇಡಿಸಿದರೆ, ಕೈಗೆ ಚಂದ ಅನಿಸುತ್ತದೆ, ಅಷ್ಟೇ ಎನ್ನುವಳು.

ಮಕ್ಕಳಿಲ್ಲದ ಮನೆ. ಅದಿರಿನ ಲೋಡಿಂಗ್ ನಿಂತು ಅವನು ಗಾರೆ ಕೆಲಸಕ್ಕೆ ಇಳಿದ ಮೇಲೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೆಟ್ಟ ಅಂಗಿ ನೋಡಿದ್ದೇ ತಡ, ಹಗ್ಗ ಕಿತ್ತ. ಗೂಟಕ್ಕೆ ತೂಗುಹಾಕಿದ್ದ ಅವಳ ಚೀಲವನ್ನೂ ಸೇರಿಸಿ ಎಲ್ಲವನ್ನೂ ಗಟಾರಕ್ಕೆ ಎಸೆದ. ಎಸೆದು, ಓಣಿಗೆಲ್ಲ ಕೇಳುವಂತೆ ಅಂದ:

“ನೂಲು, ನೂಲು ಅಂತ ಸಾಯ್ತಿ. ಹೋಗು, ಎಲ್ಲ್ಯರ ಹೋಗಿ ಸಾಯಿ.”

ಹುಲಿಗೆಮ್ಮ ಚಪ್ಪಲಿ ಮೆಟ್ಟಿ ಹೊರಟುಹೋದಳು. ಸಂಜೆ ಅವಳು ಬಂದಾಗ ಇವನು ಬೇಕೆಂದೇ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವಳು ಕೊಡ ಎತ್ತಿಕೊಂಡು ನಲ್ಲಿಗೆ ಹೋದ ಸದ್ದು ಕೇಳಿತ್ತು, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

* * *

ಗಜೇಂದ್ರಗಡದಿಂದ ರಾತ್ರಿಯೇ ಹೊರಟಿದ್ದ ಹುಲಿಗೆಮ್ಮನ ತಮ್ಮ ಪಾಂಡಪ್ಪ ಬೆಳಗಿನ ರೈಲಿಗೆ ಬಂದಿಳಿದ. ಕಂಕುಳಲ್ಲಿ ಹಸಿರು ಸೀರೆಯ ಪೊಟ್ಟಣ. ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸದೆ ಎತ್ತುವಂತಿಲ್ಲ, ಹೊದಿಸಬೇಕಾದವನು ತವರಿನವನೇ. ಅಳುತ್ತ ಒಳಗೆ ಹೋದವನು ಅಕ್ಕನ ಕೈ ಹಿಡಿದ. ಅಳು ನಿಂತಿತು. ಪೊಟ್ಟಣವನ್ನು ಮತ್ತೆ ಕಂಕುಳಿಗೆ ಸೇರಿಸಿ ಹೊರಗೆ ಬಂದ.

“ಏನ ಕುಡಿಸೀರಿ ಮಾಮಾ, ನಮ್ಮಕ್ಕಗ?”

ಬಹುವಚನ ಬಿಡದೆ, ದನಿ ಏರಿಸದೆ ಕೇಳಿದ. ಬೈದಿದ್ದರೆ ಮಲಕಪ್ಪ ತಿರುಗಿ ಬೈಯಬಹುದಿತ್ತು. ಕುಡಿಸಿಲ್ಲ ಎನ್ನುವುದು ಸುಲಭ, ಅದು ಖರೇ ಕೂಡ. ಆದರೆ ಅವಳಾಗಿ ಕುಡಿದಿದ್ದರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನು ತಲೆ ತಗ್ಗಿಸಿದ. ಅಂಗಳದಲ್ಲಿದ್ದವರೆಲ್ಲ ಅದನ್ನು ನೋಡಿದರು.

ಅವಳು ಬಣ್ಣ ಹಾಕುತ್ತಿದ್ದಳಲ್ಲ, ಬಣ್ಣ ಇರಬೇಕು ಎಂದು ಯಾರೋ ಅಂದರು. ಪಾಂಡಪ್ಪ ಅವರ ಕಡೆ ತಿರುಗಿದ.

“ನೂಲಿಗೆ ನೀಲಿ ಅದ್ದೋ ಮನಿತನದ ಮಗಾ ನಾ. ನಮ್ಮ ಮನಿ ಹೆಣ್ಣಮಕ್ಕಳು ನೀಲಿ ಬಾನಿ ಹತ್ರ ಸುಳಿಯಂಗಿಲ್ಲ. ಮುಟ್ಟಿದ್ರ ಬಾನಿ ಸಾಯ್ತದ, ಬಣ್ಣ ಹತ್ತಂಗಿಲ್ಲ. ಹಳದಿ, ಕೆಂಪು ಏನರ ಮಾಡ್ಕೊಂಡಾಳು. ನೀಲಿಗೆ ನಮ್ಮಕ್ಕ ಸತ್ತರೂ ಕೈ ಹಾಕಾಕಿ ಅಲ್ಲ.”

ಅದು ಮಲಕಪ್ಪನಿಗೂ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಮನೆಯ ಹಗ್ಗದ ಮೇಲೆ ಒಂದು ನೀಲಿ ಎಳೆ ಕಂಡದ್ದಿಲ್ಲ. ಪೊಲೀಸರು ಬರಲಿ, ಕೊಯ್ದು ನೋಡಲಿ, ಅಲ್ಲಿಯವರೆಗೆ ಸೀರೆ ಹೊದಿಸುವುದಿಲ್ಲ ಎಂದು ಪಾಂಡಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ. ಕೊಯ್ದು ನೋಡಿದರೆ ಏನು ಸಿಗುತ್ತದೋ ಎಂಬ ಹೆದರಿಕೆ ಮಲಕಪ್ಪನಿಗೆ. ಜೈಲಿನ ಹೆದರಿಕೆಯಲ್ಲ ಅದು. ತನ್ನ ಮಾತು ಅವಳ ಹೊಟ್ಟೆಯಲ್ಲಿ ಸಿಕ್ಕರೆ ಎಂಬ ಹೆದರಿಕೆ.

ಆಗ ಹಿಂದಿನ ಓಣಿಯ ಖಾತುನ ಎದ್ದು ಮಲಕಪ್ಪನ ಹತ್ತಿರ ಬಂದಳು. ಹುಲಿಗೆಮ್ಮನ ಜೊತೆ ಪಾತ್ರೆ ತೊಳೆಯಲು ಹೋಗುತ್ತಿದ್ದ ಹೆಂಗಸು, ಬೆಳಗಿನಿಂದ ಸೆರಗು ಬಾಯಿಗೊತ್ತಿ ಮೂಲೆಯಲ್ಲಿ ಕೂತಿದ್ದಳು.

“ಅಣ್ಣಾ, ವಿಷ ಅಲ್ರೀ ಅದು. ಹೇಳಬ್ಯಾಡ ಅಂತ ಆಣಿ ಮಾಡಿಸ್ಕೊಂಡಿದ್ಲು. ನನ್ನ ಜೋಡಿ ಬರ್ರಿ.”

* * *

ಖಾತುನಳ ಮನೆಯ ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ, ಗೋಣಿ ಮುಚ್ಚಿದ ಒಂದು ದೊಡ್ಡ ಮಣ್ಣಿನ ಬಾನಿ. ಗೋಣಿ ತೆಗೆದರೆ ಮೇಲೆ ತಾಮ್ರದ ಬಣ್ಣದ ನೊರೆ, ಒಳಗೆ ಹಸಿರು ಮಿಶ್ರಿತ ಹಳದಿ ನೀರು. ಪಕ್ಕದ ಹಗ್ಗದ ಮೇಲೆ ನೀಲಿ ನೂಲು ಸಾಲಾಗಿ ನೇತಾಡುತ್ತಿತ್ತು. ತಿಳಿನೀಲಿ, ಕಡುನೀಲಿ, ಕಪ್ಪಿಗೆ ಹತ್ತಿರದ ನೀಲಿ. ಇಪ್ಪತ್ತು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ ಹೆಂಗಸು ಇಲ್ಲಿ ಇನ್ನೊಂದು ಮನೆ ಮಾಡಿಕೊಂಡಿದ್ದಳು.

ಬಾನಿ ಹುಳಿ ಬರಲೆಂದು ಅಪ್ಪ ಅದಕ್ಕೆ ಸುಣ್ಣ, ಬೆಲ್ಲ, ತಗಚಿ ಬೀಜ ಹಾಕುವುದನ್ನು ಹುಡುಗಿಯಾಗಿದ್ದಾಗ ಕಿಟಕಿಯಿಂದ ಕದ್ದು ನೋಡಿ ಕಲಿತಿದ್ದಳಂತೆ. ಊರು ಬಿಟ್ಟು ಗೋವಾಕ್ಕೆ ಬಂದ ಮೇಲೆ, ಇಲ್ಲಿ ನನ್ನನ್ನು ನೋಡುವವರು ಯಾರು ಎಂದು ಶುರು ಮಾಡಿದಳಂತೆ. ಗಂಡನಿಗೆ ಗೊತ್ತಾದರೆ ಸುದ್ದಿ ತವರಿಗೆ ಹೋಗುತ್ತದೆ, ತಮ್ಮ ಮುಖ ನೋಡುವುದಿಲ್ಲ ಎಂದು ಹೆದರಿ ರಬ್ಬರಿನ ಗ್ಲೌಸ್ ಇಲ್ಲದೆ ಎಂದೂ ಬಾನಿ ಮುಟ್ಟಿದವಳಲ್ಲ. ಅವು ನಿನ್ನೆ ಚೀಲದ ಜೊತೆ ಗಟಾರಕ್ಕೆ ಹೋಗಿದ್ದವು.

“ನಿನ್ನೆ ಬ್ಯಾಡ ಅಂದ್ನಿರಿ ನಾ. ಇರಲಿ ಬಿಡು, ಒಂದ ದಿನ ಬರಿಗೈಲೆ ಮಾಡ್ತೇನಿ ಅಂದ್ಲು. ಕೈ ಹಾಕಿ ಕೂಸಿನಂಗ ನಕ್ಕಳ್ರಿ. ಹಸಿ ನೂಲಿನ ತುದಿ ತುಟಿಯಾಗ ಹಿಡಕೊಂಡ ಹಾಡಾಕತ್ತಿದ್ಲು.”

“ನನ್ನ ಮ್ಯಾಲೆ ಏನರ ಅಂದ್ಲೇನು?” ಮಲಕಪ್ಪ ಕೇಳಿದ.

ಖಾತುನ ಹೇಳಿದಳು: “ನಮ್ಮ ಮುದುಕಗ ಇವತ್ತ ಭಾಳ ಸಿಟ್ಟ ಬಂದೈತಿ, ಅಂಗಿಗೆ ಎರಡ ಸಲ ಸಾಬಾಣ ಹಚ್ಚಿದ್ರ ಹೋಗ್ತದ, ಸಂಜೀಕ ತೊಳೀತೇನಿ ಅಂದ್ಲು. ಅಷ್ಟಽ ರೀ.”

ಮಲಕಪ್ಪ ಅಂಗಿಯ ತೋಳು ಏರಿಸಿ ಬಲಗೈಯನ್ನು ಬಾನಿಗೆ ಇಳಿಸಿದ. ನೀರು ಬೆಚ್ಚಗಿತ್ತು. ಹೊರತೆಗೆದಾಗ ಕೈ ಹಳದಿ ಹಸಿರು. ನೋಡುತ್ತಿದ್ದಂತೆ ಗಾಳಿಗೆ ಬೆರಳ ತುದಿಯಿಂದ ನೀಲಿಯಾಗುತ್ತ ಬಂತು. ಇದನ್ನು ನೋಡಿ ಅವಳು ನಕ್ಕಿದ್ದಳು. ಬೆಳಗಿನಿಂದ ಅಳದಿದ್ದವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಗಟ್ಟಿಯಾಗಿ ಅತ್ತ.

* * *

ಕಟ್ಟೆಯ ಮೇಲೆ ಕೂತಿದ್ದ ಪಾಂಡಪ್ಪನ ಮುಂದೆ ಅವನು ಆ ಕೈ ಚಾಚಿದ. “ನಿಮ್ಮಕ್ಕನ ಬಾನ್ಯಾಗ ಅದ್ದಿದ್ದು,” ಅಂದ. ಪಾಂಡಪ್ಪ ಮೊದಲು ಬಣ್ಣ ನೋಡಿದ, ನಂಬಲಿಲ್ಲ. ಆಮೇಲೆ ಆ ಕೈಯನ್ನು ಹಿಡಿದು ಮೂಗಿನ ಹತ್ತಿರ ತಂದ. ಹುಳಿ, ಸುಣ್ಣ, ಸೆಗಣಿ ಮೂರೂ ಬೆರೆತಂಥ ಆ ನಾತಕ್ಕೆ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ಪಾಂಡಪ್ಪ ಕೈ ಬಿಡಲಿಲ್ಲ. ಮತ್ತೊಮ್ಮೆ ಮೂಸಿದ.

“ಅಪ್ಪನ ಕೈ,” ಅಂದ. “ಅಪ್ಪ ಹೋದ ಮ್ಯಾಲೆ ನಮ್ಮ ಬಾನಿ ಒಡದ್ವಿ. ಪಾಕೀಟಿನ ಬಣ್ಣ ತಂದ್ವಿ. ನನಗ ಮಾಡಾಕ ಬರಂಗಿಲ್ಲ, ಮಾಮಾ.”

ಎದ್ದು ಒಳಗೆ ಹೋದ. ಪೊಟ್ಟಣ ಬಿಚ್ಚಿ ಹಸಿರು ಸೀರೆಯನ್ನು ಅಕ್ಕನ ಕಾಲಿನಿಂದ ಕೊರಳ ತನಕ ಹೊದಿಸಿದ. ಮುಟ್ಟಬಾರದ್ದನ್ನು ಮುಟ್ಟಿದ ಕೈ ಊರವರಿಗೆ ಕಾಣುವುದು ಬೇಡ ಎಂದು ದುರ್ಗಾಬಾಯಿ ಕೈಗಳನ್ನು ಸೀರೆಯ ಒಳಗೆ ಸರಿಸಿ ಅಂಚು ಬಿಗಿ ಮಾಡಿದಳು. ಪಾಂಡಪ್ಪ ಬಗ್ಗಿ ಆ ಅಂಚನ್ನು ಬಿಡಿಸಿದ. ಹುಲಿಗೆಮ್ಮನ ಎರಡೂ ಕೈಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಹಸಿರು ಸೀರೆಯ ಮೇಲೆ, ಸ್ಮಶಾನದ ತನಕ ಎಲ್ಲರಿಗೂ ಕಾಣುವಂತೆ ಇಟ್ಟ.