ಪಂಪಿನ ಗೋಡೆಯ ನೆರಳು

ಪೊರಕೆಯನ್ನು ಮುಂದೆ ಚಾಚಿ ಹಿಡಿದು ಅವಳು ಪಂಪಿನ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ತಲೆಯ ಮೇಲೆ ಅಲಾರಂ ಕಿವಿ ಹರಿದುಹೋಗುವಂತೆ ಅರಚುತ್ತಿತ್ತು. ಗ್ಯಾಸು ತುಂಬಿಸಿಕೊಳ್ಳುತ್ತಿದ್ದ ಬಸ್ಸಿನ ಚಾಲಕ ಆಗಲೇ ಗೇಟಿನಾಚೆ ಓಡಿ ನಿಂತಿದ್ದ. ಉದ್ದನೆಯ ಕೋಲಿಗೆ ಒಣಹುಲ್ಲು ಕಟ್ಟಿ ಮಾಡಿದ ಪೊರಕೆ ಅದು. ಹೈಡ್ರೋಜನ್ ಹೊತ್ತಿಕೊಂಡರೆ ಹಗಲು ಹೊತ್ತಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ. ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಪೊರಕೆಯ ತುದಿ ಇದ್ದಕ್ಕಿದ್ದಂತೆ ಹೊತ್ತಿಕೊಂಡರೆ ಬೆಂಕಿ ಅಲ್ಲಿದೆ ಎಂದು ಅರ್ಥ. ಹೊತ್ತಿಕೊಳ್ಳಲಿಲ್ಲವೋ, ಇನ್ನೊಂದು ಹೆಜ್ಜೆ ಇಡಬಹುದು.

"ಅಕ್ಕಾ, ಆ ಮೂಲೆನೂ ಒಂಚೂರು ಗುಡಿಸಿಬಿಡಿ!" ಗೇಟಿನ ಕಡೆಯಿಂದ ಯಾರೋ ಕೂಗಿದರು. ಉಳಿದವರು ನಕ್ಕರು.

ಡಿಪೋದಲ್ಲಿ ಅವಳಿಗೆ ಪೊರಕೆ ಅಕ್ಕ ಎಂದೇ ಹೆಸರು ಬಿದ್ದಿತ್ತು. ಮನೆಯಲ್ಲಿ ಅತ್ತೆಯಂತೂ, "ಕಣ್ಣಿಗೆ ಕಾಣದ ಬೆಂಕಿ ಕಾಯೋಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಇನ್ನೂ ಕೇಳುವುದನ್ನು ಬಿಟ್ಟಿರಲಿಲ್ಲ.

ಪೊರಕೆ ಹೊತ್ತಿಕೊಳ್ಳಲಿಲ್ಲ. ಪಂಪಿನ ಮೂತಿ, ಕೊಳವೆ, ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ ಬಗ್ಗಿ ನೋಡಿದಳು. ಎಲ್ಲೂ ಗುಳ್ಳೆ ಏಳಲಿಲ್ಲ. ನಿನ್ನೆಯೂ ಹೀಗೇ ಆಗಿತ್ತು, ಮೊನ್ನೆಯೂ ಹೀಗೇ. ಒಂದು ಸಲ ಅಲಾರಂ ಕೂಗಿತೆಂದರೆ ಪಂಪು ತಾನಾಗಿಯೇ ನಿಂತುಬಿಡುತ್ತದೆ; ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿ ಶುರು ಮಾಡುವಷ್ಟರಲ್ಲಿ ಬಸ್ಸುಗಳ ಸಾಲು ಬೀದಿಯವರೆಗೆ ಬೆಳೆದಿರುತ್ತದೆ. ಅಲ್ಲಿ ನಿಲ್ದಾಣದಲ್ಲಿ ಕಾಯುವ ಜನ ಬಿಸಿಲಿನಲ್ಲಿ ನಿಂತು ಶಾಪ ಹಾಕುತ್ತಾರೆ, ಆ ಶಾಪವನ್ನು ಚಾಲಕರು ತಂದು ಇವಳ ಮೇಲೆ ಸುರಿಯುತ್ತಾರೆ.

ಕೈ ಒರೆಸಿಕೊಂಡು ಅವಳು ಗೋಡೆಯಾಚೆಗೆ ಹೋದಳು. ಇಡೀ ಡಿಪೋದಲ್ಲಿ ಮಧ್ಯಾಹ್ನದ ಹೊತ್ತು ನೆರಳು ಬೀಳುವ ಜಾಗವೆಂದರೆ ಪಂಪಿನ ಗೋಡೆಯ ಆ ಬದಿ ಒಂದೇ. ಅಲ್ಲೊಂದು ಕಲ್ಲುಬೆಂಚು. ಗೋಡೆಗೆ ಒರಗಿಸಿದಂತೆ ಗಂಡನ ಡೀಸೆಲ್ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಗಂಡ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ.

"ಏನೇ, ಮತ್ತೆ ಕೂಗಿತಾ ನಿನ್ನ ಮಗು?"

"ಕೂಗಿತು."

"ಹಾಲು ಕುಡಿಸು ಹೋಗು, ಸುಮ್ಮನಾಗುತ್ತೆ."

ಅವಳು ನಗಲಿಲ್ಲ. ಕ್ಯಾರಿಯರ್ ಬಿಚ್ಚಿ ಅವನ ಪಾಲು ಬಡಿಸಿದಳು. ಇಬ್ಬರೂ ಒಂದೇ ಕ್ಯಾರಿಯರಿನಿಂದ ಉಣ್ಣುವುದು ಈ ಕೆಲಸಕ್ಕೆ ಬಂದ ಮೇಲೆ ಆದ ಅಭ್ಯಾಸ. ಮನೆಯಲ್ಲಿ ಅತ್ತೆ, ಮಕ್ಕಳು, ಟಿವಿಯ ಗದ್ದಲ. ಇಲ್ಲಿ ಅವನು ಅವಳೊಬ್ಬಳಿಗೇ ಸಿಗುತ್ತಿದ್ದ. ತಟ್ಟೆಯಿಂದ ತಟ್ಟೆಗೆ ಬೆಂದ ಬೀನ್ಸನ್ನು ದಾಟಿಸಿ, ಅವಳಿಗಿಷ್ಟವೆಂದು ತಳದ ಸೀದ ಅನ್ನವನ್ನು ಅವಳಿಗೇ ಬಿಟ್ಟು, ದಾರಿಯಲ್ಲಿ ಸಿಕ್ಕ ಪ್ರಯಾಣಿಕರ ಕಥೆ ಹೇಳುತ್ತಿದ್ದ. ಎಂಜಿನ್ ಸದ್ದಿಗೆ ಅರ್ಧ ಮಾತು ಕೇಳುತ್ತಲೇ ಇರಲಿಲ್ಲ, ಆದರೂ ಅವಳಿಗೆ ಸಾಕಾಗುತ್ತಿತ್ತು.

ಊಟ ಮುಗಿಸಿ ಬರುವಷ್ಟರಲ್ಲಿ ಮ್ಯಾನೇಜರು ಪಂಪಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಪಕ್ಕದಲ್ಲಿ ಅಲಾರಂ ಕಂಪನಿಯ ರಿಪೇರಿಯವನು ಏಣಿ ಹತ್ತಿದ್ದ.

"ನೋಡಮ್ಮ, ಮೇಲಿನವರು ಕೇಳ್ತಿದ್ದಾರೆ. ಇನ್ನೊಂದು ಸಲ ಕೂಗಿತು ಅಂದ್ರೆ ಪಂಪಿಗೆ ಬೀಗ. ಈ ಬಸ್ಸುಗಳೆಲ್ಲ ಬೇರೆ ಡಿಪೋಗೆ. ನೀವು ಮತ್ತೆ ಟಿಕೆಟ್ ಕೌಂಟರಿಗೆ."

ಕೌಂಟರಿನ ಕಿಂಡಿ ಸರಿಯಾಗಿ ಬಸ್ಸುಗಳ ಹೊಗೆಕೊಳವೆಯ ಮಟ್ಟಕ್ಕಿತ್ತು. ವರ್ಷಗಟ್ಟಲೆ ಅಲ್ಲಿ ಕುಳಿತು, ಸಂಜೆ ಮೂಗು ಒರೆಸಿದರೆ ಕರ್ಚೀಫು ಕಪ್ಪಾಗುತ್ತಿತ್ತು. ಕೆಮ್ಮು ಮೈಗಂಟಿಕೊಂಡು ಹೋಗಿತ್ತು. ಹೈಡ್ರೋಜನ್ ಬಸ್ಸುಗಳು ಬರುತ್ತವೆ, ತರಬೇತಿಗೆ ಯಾರು ಬರುತ್ತೀರಿ ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಅವಳು. ಮೊದಲ ಬಸ್ಸು ಬಂದ ದಿನ ಅದರ ಕೊಳವೆಯ ಕೆಳಗೆ ಅಂಗೈ ಒಡ್ಡಿದ್ದಳು. ಹೊಗೆಯ ಬದಲು ಬೆಚ್ಚಗಿನ ನಾಲ್ಕು ಹನಿ ನೀರು ಬಿದ್ದಿತ್ತು, ಅಷ್ಟೇ. ಮನೆಗೆ ಹೋಗಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅತ್ತೆ, ನೀರು ಬೇಕಿದ್ದರೆ ನಲ್ಲಿಯಲ್ಲಿ ಬರುತ್ತಿರಲಿಲ್ಲವೇ ಎನ್ನುತ್ತಿದ್ದರು. ಕೆಮ್ಮು ಯಾವಾಗ ನಿಂತಿತೋ ಅವಳಿಗೇ ಗೊತ್ತಾಗಿರಲಿಲ್ಲ.

ರಿಪೇರಿಯವನು ಏಣಿ ಇಳಿದ. "ಸೋರಿಕೆ ಇಲ್ಲ ಸರ್. ಅಲಾರಂ ಪೆಟ್ಟಿಗೆನೂ ಸರಿ ಇದೆ. ಆದ್ರೆ ಇದು ಹೈಡ್ರೋಜನ್ನಿಗೆ ಮಾತ್ರ ಕೂಗಲ್ಲ, ಎಂಜಿನ್ ಹೊಗೆ ದಟ್ಟವಾಗಿ ಬಂದ್ರೂ ಮೋಸ ಹೋಗಿ ಕೂಗುತ್ತೆ. ಅಕ್ಕ, ಇದು ಕೂಗೋದು ಯಾವ ಹೊತ್ತಲ್ಲಿ?"

"ಮಧ್ಯಾಹ್ನ," ಎಂದಳು.

"ಆ ಹೊತ್ತಲ್ಲಿ ಗೋಡೆ ಹಿಂದೆ ಯಾರಾದ್ರೂ ಗಾಡಿ ಸ್ಟಾರ್ಟಲ್ಲೇ ನಿಲ್ಲಿಸ್ತಾರಾ?"

ಮ್ಯಾನೇಜರು ಅವಳ ಮುಖವನ್ನೇ ನೋಡಿದರು. ಗೋಡೆಯ ನೆರಳಿನಲ್ಲಿ ದಿನಾ ನಿಲ್ಲುವ ಬಸ್ಸು ಯಾರದೆಂದು ಡಿಪೋದ ಬೀದಿನಾಯಿಗೂ ಗೊತ್ತಿತ್ತು.

"ಸರ್, ಅಲ್ಲಿ ಯಾರೂ ಎಂಜಿನ್ ಆನ್ ಇಡಬಾರದು ಅಂತ ನೀವೇ ಒಂದು ಆರ್ಡರ್ ಹಾಕಿಬಿಡಿ."

"ಬೋರ್ಡು ಹಾಕಿಸಿದ್ದೀನಲ್ಲಮ್ಮ."

"ಬೋರ್ಡನ್ನ ಯಾರು ಓದ್ತಾರೆ ಸರ್? ಅದರ ಮೊಳೆಗೆ ಟವೆಲ್ ನೇತುಹಾಕ್ತಾರೆ."

"ಡೀಸೆಲ್ ಚಾಲಕರನ್ನ ಈಗ ಕೆಣಕೋಕೆ ಆಗಲ್ಲ. ಮೊದಲೇ ಹೊಟ್ಟೆ ಉರ್ಕೊಂಡಿದ್ದಾರೆ. ಅದೂ ಅಲ್ದೆ," ಮ್ಯಾನೇಜರು ಧ್ವನಿ ತಗ್ಗಿಸಿದರು, "ನಿಮ್ಮ ಯಜಮಾನರು. ಮನೇಲೇ ಹೇಳ್ಕೊಳ್ಳಿ. ಗಂಡ ಹೆಂಡ್ತಿ ವಿಷಯ ನನ್ನ ಟೇಬಲ್ಲಿಗೆ ಯಾಕೆ?"

ಹೇಳಿ ಹೊರಟೇಹೋದರು. ಅವಳಿಗೆ ಪೊರಕೆಯ ಕೋಲನ್ನು ನೆಲಕ್ಕೆ ಕುಕ್ಕಬೇಕೆನಿಸಿತು. ಪಂಪು ಕಚೇರಿಯದು, ಗೋಡೆ ಕಚೇರಿಯದು, ಬಸ್ಸೂ ಕಚೇರಿಯದೇ. ಹೊಗೆ ಮಾತ್ರ ಅವಳ ಸಂಸಾರದ್ದು!

ಸಂಜೆ ಗಂಡ ಮುಖ ತೊಳೆದು ಬಂದು ಕುಳಿತಾಗ ಅವಳು ಅವನ ಅಂಗಿಯ ಕಾಲರಿಗೆ ಸೋಪು ತಿಕ್ಕುತ್ತಿದ್ದಳು. ಎಷ್ಟು ತಿಕ್ಕಿದರೂ ಆ ಕಪ್ಪು ಗೆರೆ ಪೂರ್ತಿ ಹೋಗುತ್ತಿರಲಿಲ್ಲ.

"ರೀ, ನಾಳೆಯಿಂದ ಊಟಕ್ಕೆ ಬಂದಾಗ ಎಂಜಿನ್ ಆಫ್ ಮಾಡಿ."

"ಯಾಕೆ?"

ಹೇಳಿದಳು. ಆದಷ್ಟು ಮೆತ್ತಗೆ, ಅವನ ತಪ್ಪೇನೂ ಇಲ್ಲ ಎಂಬಂತೆ ಹೇಳಿದಳು. ಆದರೂ ಅವನ ಮುಖ ಗಂಟಾಯಿತು.

"ಅಂದ್ರೆ ನನ್ನ ಹೊಗೆಗೆ ನಿನ್ನ ಪಂಪಿಗೆ ಸೀನು ಬರುತ್ತಾ?"

"ಹಾಗಲ್ಲ ರೀ."

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಕಣೇ. ಬ್ಯಾಟರಿ ಸತ್ತಿದೆ. ಹೊಸದು ಕೊಡಿ ಅಂತ ಕೇಳಿ ಕೇಳಿ ನನ್ನ ಬಾಯಿ ಒಣಗಿಹೋಯ್ತು. ಇದ್ದ ದುಡ್ಡನ್ನೆಲ್ಲ ನಿನ್ನ ಪಂಪಿಗೆ ಸುರಿದು, ನಮ್ಮ ಗಾಡಿ ನಾಳೆ ಗುಜರಿಗೆ ಹೋಗೋದು ತಾನೇ ಅಂತಾರೆ. ದಿನಾ ಜನರ ಮುಂದೆ ತಳ್ಳಿಸ್ಕೊಂಡು ಸ್ಟಾರ್ಟ್ ಮಾಡ್ಲಾ?"

ಅದು ಸುಳ್ಳಲ್ಲ. ಅವಳಿಗೂ ಗೊತ್ತಿತ್ತು.

"ಹಾಗಾದ್ರೆ ಬೇರೆ ಕಡೆ ನಿಲ್ಲಿಸಿ. ನಾನೇ ಅಲ್ಲಿಗೆ ಬರ್ತೀನಿ."

"ಬಿಸಿಲಲ್ಲಿ ಕೂತು ತಿನ್ನೋಕೆ ನಾನೇನು ಹಪ್ಪಳಾನಾ? ಎಷ್ಟೋ ವರ್ಷದಿಂದ ಅಲ್ಲೇ ನಿಲ್ಲಿಸ್ತಿದ್ದೀನಿ. ಆ ಗೋಡೆ ಕಟ್ಟಿದ್ದು ನಿನ್ನೆ." ಅವನು ಎದ್ದು ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಆ ರಿಪೇರಿಯವನು ತನ್ನ ಪೆಟ್ಟಿಗೆ ಕೆಟ್ಟಿದ್ದನ್ನ ನನ್ನ ತಲೆಗೆ ಕಟ್ಟಿದ್ದಾನೆ. ನಾಳೆನೂ ಅಲ್ಲೇ ನಿಲ್ಲಿಸ್ತೀನಿ. ಕೂಗ್ಲಿ, ನೋಡೇಬಿಡೋಣ."

"ಕೂಗಿದ್ರೆ ನನ್ನನ್ನ ಕೌಂಟರಿಗೆ ಹಾಕ್ತಾರೆ ರೀ."

"ಹಾಕ್ಲಿ ಬಿಡು. ಕೂತ್ಕೊಂಡು ಮಾಡೋ ಕೆಲಸ. ಪೊರಕೆ ಹಿಡ್ಕೊಂಡು ಊರೆಲ್ಲ ನಗಿಸೋದಾದ್ರೂ ತಪ್ಪುತ್ತೆ."

ಒಳಗಿನಿಂದ ಅತ್ತೆ, "ಅದೂ ನಿಜವೇ," ಎಂದರು.

ಕೌಂಟರಿನ ಕೆಮ್ಮು ಅವನಿಗೆ ನೆನಪೇ ಇರಲಿಲ್ಲ. ರಾತ್ರಿ ಅವಳು ಕೆಮ್ಮಿದಾಗ ಎದ್ದು ಬಿಸಿನೀರು ಕಾಯಿಸಿ ಕೊಟ್ಟವನು ಅವನೇ. ಕೊಟ್ಟದ್ದನ್ನೂ ಮರೆತಿದ್ದ. ಅದಕ್ಕೆ ಸಿಟ್ಟು ಮಾಡಬೇಕೋ ಬೇಡವೋ ತಿಳಿಯದೆ ಅವಳು ಕಾಲರನ್ನು ಇನ್ನೂ ಗಟ್ಟಿಯಾಗಿ ತಿಕ್ಕಿದಳು.

ಬಟ್ಟೆ ಹರವಿ ಬಂದು ಪಾತ್ರೆಗೆ ಕುಳಿತಳು. ಮಧ್ಯಾಹ್ನದ ಕ್ಯಾರಿಯರ್ ಬಿಚ್ಚಿ ಒಂದೊಂದೇ ಡಬ್ಬಿ ತೊಳೆದಳು. ಸಾಮಾನ್ಯವಾಗಿ ತೊಳೆದ ಕೂಡಲೇ ಒಂದರ ಮೇಲೊಂದು ಪೇರಿಸಿ ಕೊಕ್ಕೆ ಸಿಕ್ಕಿಸುತ್ತಿದ್ದಳು. ಇವತ್ತು ಡಬ್ಬಿಗಳನ್ನು ಹಾಗೇ ಬೋರಲು ಹಾಕಿ ಸ್ವಲ್ಪ ಹೊತ್ತು ನೋಡುತ್ತ ಕುಳಿತಳು. ಅವನು ಅಲ್ಲಿಗೆ ಬರುವುದು ನೆರಳಿಗಾಗಿ ಅಲ್ಲ. ಊಟ ಅವಳ ಬಳಿ ಇರುತ್ತದೆ, ಅದಕ್ಕೇ ಬರುತ್ತಾನೆ. ಅವಳೂ ಅಲ್ಲಿರುತ್ತಾಳೆ, ಅದಕ್ಕೂ ಬರುತ್ತಾನೇನೋ. ಊಟ ಅವನ ಕೈಯಲ್ಲೇ ಇದ್ದರೆ ಗೋಡೆಯ ತನಕ ಬಾರದೆ ಕೊನೆಯ ನಿಲ್ದಾಣದಲ್ಲೇ ಉಂಡು ಮುಗಿಸಿಯಾನು. ಎಷ್ಟೇ ಹಟಮಾರಿಯಾದರೂ ಹಸಿವು ತಡೆಯುವ ಗಂಡಸಲ್ಲ.

ಮಣೆ ಇಟ್ಟುಕೊಂಡು ಹತ್ತಿ, ಅಟ್ಟದ ಮೇಲಿನ ಡಬ್ಬಗಳ ಹಿಂದೆ ಕೈ ಹಾಕಿದಳು. ಬಿಗಿ ಮುಚ್ಚಳದ, ಒಬ್ಬರ ಊಟಕ್ಕಾಗುವಷ್ಟು ಅಗಲದ ಒಂದು ಡಬ್ಬಿ ಅಲ್ಲೆಲ್ಲೋ ಇರಬೇಕಿತ್ತು.

"ಏನೇ ಅದು ಸದ್ದು? ಏನು ಹುಡುಕ್ತಿದ್ದೀಯ?" ಹೊರಗಿನಿಂದ ಗಂಡ ಕೇಳಿದ.

"ಏನಿಲ್ಲ," ಎಂದಳು.

ಡಬ್ಬಿ ಸಿಕ್ಕಿತು. ಧೂಳು ಒರೆಸಿ ತೊಳೆದಳು. ಬೆಳಿಗ್ಗೆ ಅವನು ಬಸ್ಸು ತೆಗೆಯುವ ಮೊದಲೇ ಸೀಟಿನ ಪಕ್ಕದಲ್ಲಿ ಇಟ್ಟುಬಿಡಬೇಕು, ಅಲುಗದಂತೆ. ತಳದ ಸೀದ ಅನ್ನವನ್ನೂ ಅದರಲ್ಲೇ ಹಾಕಬೇಕು.

ಕ್ಯಾರಿಯರಿನಿಂದ ಎರಡು ಡಬ್ಬಿ ತೆಗೆದು ಬದಿಗಿಟ್ಟು, ಉಳಿದದ್ದಕ್ಕೆ ಕೊಕ್ಕೆ ಸಿಕ್ಕಿಸಿ ನೋಡಿದಳು. ಕೊಕ್ಕೆ ಸಡಿಲವಾಗಿ ಅಲ್ಲಾಡಿತು. ಬಟ್ಟೆಯೊಂದನ್ನು ಮಡಿಸಿ ನಡುವೆ ತುರುಕಿದಳು.