ಮಗಳು ಕೇಳಿದ ಒಂದು ವರ್ಷ

ವಯಸ್ಸಿಗೆ ಬಂದ ಮಗಳು ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತಾ, ಮುಖ ಎತ್ತದೆ, "ಅಮ್ಮಾ, ನಾನು ಈ ವರ್ಷ ಕಾಲೇಜಿಗೆ ಸೇರಲ್ಲ, ಬರೋ ವರ್ಷ ಸೇರ್ತೀನಿ" ಅಂದರೆ ಯಾವ ತಾಯಿಯ ಎದೆ ಧಸಕ್ಕೆನ್ನುವುದಿಲ್ಲ, ಹೇಳಿ? ಬೀದಿಯ ಬಟ್ಟೆಯೆಲ್ಲ ಒಗೆದು ಕೊಡುವ ಲಾಂಡ್ರಿಯಮ್ಮನ ಎದೆಯೂ ಹಾಗೇ ಅಂದಿತು. ಬಡಿಸಲು ಎತ್ತಿದ ಸೌಟು ಎತ್ತಿದಲ್ಲೇ ನಿಂತಿತು.

"ಯಾಕೆ?"

"ಸುಮ್ನೆ. ಸ್ವಲ್ಪ ಯೋಚನೆ ಮಾಡ್ಬೇಕು."

"ಯೋಚನೆ ಮಾಡೋಕೆ ಒಂದು ವರ್ಷ ಬೇಕೇನೇ? ನಿಮ್ಮಪ್ಪನ್ನ ಮದುವೆ ಆಗೋಕೆ ನಾನು ತಗೊಂಡಿದ್ದು ಒಂದು ಮಧ್ಯಾಹ್ನ."

"ಅದಕ್ಕೇ ಕಣೇ, ಯೋಚನೆ ಮಾಡ್ಲಿ ಬಿಡು," ಎಂದು ಅಪ್ಪ ಗೋಡೆಗೆ ಹೇಳಿದ.

ಯಾರೂ ನಗಲಿಲ್ಲ. ಮಗಳು ಕೈ ತೊಳೆದು ಒಳಗೆ ಹೋದಳು, ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ದಢಾರನೆ ಮುಚ್ಚಿದ್ದರೆ ತಾಯಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಸಿಕ್ಕಿದ್ದು ಅಂತಿಂಥ ಸೀಟಲ್ಲ. ಒಳ್ಳೆಯ ಕಾಲೇಜು, ಅಕೌಂಟ್ಸ್ ವಿಭಾಗ. ಮನೆತನದಲ್ಲಿ ಅಷ್ಟು ದೂರ ಓದಿದವರು ಅಪ್ಪನ ತಂಗಿಯೊಬ್ಬಳೇ. ಈ ವಾರ ಮುಗಿಯುವುದರೊಳಗೆ ಹೋಗಿ ಸೇರದಿದ್ದರೆ ಸೀಟು ಇನ್ನೊಬ್ಬರ ಪಾಲು.

ಮಾರನೆಯ ದಿನ ಪಕ್ಕದ ಹೊಲಿಗೆ ಅಂಗಡಿಯ ಸೂಜಿಯಕ್ಕ ಗೋಡೆಯಾಚೆಯಿಂದಲೇ ವಿಷಯ ಹಿಡಿದಿದ್ದಳು. ಹೆಸರು ಹೊಲಿಗೆಯಿಂದ ಬಂತೋ ಮಾತಿನಿಂದ ಬಂತೋ, ಬೀದಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

"ನೋಡು ತಂಗಿ, ನಾನೇನೂ ಹೇಳಲ್ಲಮ್ಮ. ಆದ್ರೆ ಕೈಗೆ ಬಂದ ಸೀಟನ್ನ ಬೇಡ ಅನ್ನೋ ಹುಡುಗಿಗೆ ಏನೋ ಒಂದು ಇದ್ದೇ ಇರುತ್ತೆ. ಒಂದು, ಮೈಗೆ ಹುಷಾರಿರಲ್ಲ. ಎರಡು..."

"ಎರಡು?"

"ಅದನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ?"

ಹೇಳದೇ ಬಿಟ್ಟ ಮಾತು ಲಾಂಡ್ರಿಯಮ್ಮನ ತಲೆಯೊಳಗೆ ಹೊಕ್ಕು ಕೂತಿತು.

ಆಕೆಯ ಕಸುಬೇ ಅಂಥದ್ದು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸಾಕು, ಉಟ್ಟವರ ವಾರವೆಲ್ಲ ಆಕೆಗೆ ಕಾಣುತ್ತಿತ್ತು. ಸಿಗರೇಟು ಬಿಟ್ಟೆ ಎಂದು ಹೆಂಡತಿಯ ಮುಂದೆ ಆಣೆ ಇಟ್ಟವನ ಜೇಬು, ನಗುತ್ತಲೇ ಅಂಗಡಿಗೆ ಬರುವವಳ ದಿಂಬಿನ ಗವಸು, ಎಲ್ಲವೂ ಆಕೆಯ ಕೈಗೇ ಬರಬೇಕು. ಕಂಡದ್ದನ್ನು ಆಕೆ ಯಾರಲ್ಲೂ ಆಡಿದವಳಲ್ಲ. ಗಿರಾಕಿಯನ್ನು ಒಂದು ಮಾತು ಕೇಳಿದವಳೂ ಅಲ್ಲ. ಕಲೆ ತೆಗೆಯುವುದು ತನ್ನ ಕೆಲಸ, ಅದು ಹೇಗೆ ಬಿತ್ತೆಂದು ಕೇಳುವುದಲ್ಲ ಎಂಬುದು ಆಕೆ ನಡೆಸಿಕೊಂಡು ಬಂದ ನಿಯಮ. ಬೀದಿ ಆಕೆಯನ್ನು ನಂಬಿದ್ದೇ ಆ ನಿಯಮದಿಂದ.

ಈಗ ಆಕೆ ಮಗಳ ಬಟ್ಟೆಯನ್ನು ಹಾಗೇ ಬೆಳಕಿಗೆ ಹಿಡಿದಳು.

ಅಂಗಿಯ ಮೊಣಕೈಯಲ್ಲಿ ಬಿಳಿ ಚುಕ್ಕೆ. ಪ್ಯಾಂಟಿನ ಮಂಡಿಗಳಲ್ಲಿ ಬಿಳಿ ಪಟ್ಟೆ. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರಿತು. ಸುಣ್ಣವಲ್ಲ, ಹಿಟ್ಟಲ್ಲ. ಪ್ಲಾಸ್ಟರ್. ತೋಳಿನ ಪಟ್ಟಿಯಲ್ಲಿ ಇನ್ನೊಂದು ಗುರುತಿತ್ತು. ಒಣಗಿದ್ದಾಗ ಬರೀ ಬೂದು ಗೆರೆ, ನೀರು ಸೋಕಿದ್ದೇ ತಡ, ಕಡುನೇರಳೆಯಾಗಿ ಹರಡಿತು. ಅಂಥ ಬಣ್ಣವನ್ನು ಲಾಂಡ್ರಿಯಮ್ಮ ಕಂಡಿರಲಿಲ್ಲ. ಕಾಣದ್ದು ಆಕೆಯನ್ನು ಇನ್ನಷ್ಟು ಹೆದರಿಸಿತು.

ಎದುರು ಬೀದಿಯಲ್ಲಿ ಹೊಸ ಮನೆ ಏಳುತ್ತಿತ್ತು. ಅದರ ಜಗಲಿಯ ಚಾವಣಿಗೆ ಪ್ಲಾಸ್ಟರ್ ಹೂಬಳ್ಳಿ ಮಾಡಲು ಒಬ್ಬ ಹುಡುಗ ಬರುತ್ತಿದ್ದ. ಮೈಯೆಲ್ಲ ಬಿಳಿ ಪುಡಿ, ತಲೆ ಮಾತ್ರ ನುಣ್ಣಗೆ ಬಾಚಿದ್ದು. ದಾರಿಯಲ್ಲಿ ಹೋಗುವವರಿಗೆಲ್ಲ ಏಣಿಯ ಮೇಲಿಂದಲೇ ನಗೆ ಚೆಲ್ಲುವವನು.

ಆಯಿತಲ್ಲ! ಲಾಂಡ್ರಿಯಮ್ಮನಿಗೆ ಇನ್ನೇನು ಬೇಕು? ಮಗಳು ಫೋನು ಬಂದರೆ ಹಿತ್ತಲಿಗೆ ಹೋಗಿ ಮಾತಾಡುವುದೂ ಅದಕ್ಕೇ. ಎಲ್ಲಿಗೆ ಎಂದರೆ "ಲೈಬ್ರರಿಗೆ" ಎನ್ನುವುದೂ ಅದಕ್ಕೇ. ಯಾವ ಲೈಬ್ರರಿಯಲ್ಲಿ ಪುಸ್ತಕ ಬಿಚ್ಚಿದರೆ ಪ್ಲಾಸ್ಟರ್ ಉದುರುತ್ತದೆ ಎಂದು ಕೇಳಬೇಕೆಂದು ಬಾಯಿ ತೆರೆದಳು. ಕೇಳಲಿಲ್ಲ. ಅಂಗಿಯನ್ನು ಉಜ್ಜಿ, ಹಿಂಡಿ, ಹಗ್ಗಕ್ಕೆ ಹಾಕಿದಳು. ಮಾರನೆಯ ದಿನ ಅದೇ ಮೊಣಕೈಯಲ್ಲಿ ಅದೇ ಬಿಳಿ.

ಅಂದು ಸಂಜೆ ನಾದಿನಿ ಬಂದಳು. ಮಗಳಿಗೆ ಸೀಟು ಸಿಕ್ಕ ಕಾಲೇಜಿನ ಆಫೀಸಿನಲ್ಲೇ ಆಕೆಗೆ ಕೆಲಸ. ಚಹಾ ಹಿಡಿದು ಕೂತವಳು ಸೀದಾ ವಿಷಯಕ್ಕೆ ಬಂದಳು.

"ಅತ್ತಿಗೆ, ಹುಡುಗಿ ಒಂದು ವರ್ಷ ಬಿಡ್ತೀನಿ ಅಂತಿದ್ದಾಳಂತೆ. ಬಿಡಲಿ, ಬಿಡದಿರಲಿ. ಸುಮ್ನೆ ಕೂತು ದಿನ ಕಳೆದ್ರೆ ಮಾತ್ರ ಸೀಟು ಹೋಯ್ತು. ಸೇರೋ ಕೊನೇ ದಿನ ದಾಟೋದ್ರೊಳಗೆ ಬಂದು, ಇಂಥ ಕಾರಣಕ್ಕೆ ಒಂದು ವರ್ಷ ಮುಂದಕ್ಕೆ ಹಾಕಿಕೊಡಿ ಅಂತ ಅರ್ಜಿ ಕೊಡಿ. ಎಲ್ಲಾ ಕಾಲೇಜಲ್ಲೂ ಒಪ್ಪಲ್ಲ. ನಮ್ಮಲ್ಲಿ ನೋಡ್ತಾರೆ. ಆದ್ರೆ ಕಾರಣ ಗಟ್ಟಿ ಇರ್ಬೇಕು."

ಲಾಂಡ್ರಿಯಮ್ಮ ನಾದಿನಿಯ ಮುಖವನ್ನೇ ನೋಡಿದಳು. "ಇಷ್ಟೆಲ್ಲಾ ತಯಾರಾಗಿ ಬಂದಿದ್ದೀಯ ಅಂದ್ರೆ ನಿನಗೆ ಮೊದಲೇ ಗೊತ್ತಿತ್ತು."

"ವರ್ಷ ಬಿಡೋ ವಿಷಯ ಗೊತ್ತಿತ್ತು. ಯಾಕೆ ಅಂತ ನಂಗೂ ಹೇಳಿಲ್ಲ. ಅಮ್ಮಂಗೆ ಮೊದಲು ಹೇಳ್ಬೇಕು ಅಂದ್ಲು. ನೀವು ಕೇಳಿದ್ರಾ?"

"ಕೇಳೋದೇನು ಬಂತು? ಅವಳ ಅಂಗೀನೇ ಹೇಳ್ತಿದೆ."

"ಅಂಗಿ ಮಾತಾಡುತ್ತಾ ಅತ್ತಿಗೆ?"

"ನಿನಗೆ ಕೇಳಿಸಲ್ಲ. ನಂಗೆ ಕೇಳಿಸುತ್ತೆ."

ನಾದಿನಿ ಚಪ್ಪಲಿ ಮೆಟ್ಟುವಾಗ ನಗು ಅದುಮಿಕೊಂಡಂತೆ ಲಾಂಡ್ರಿಯಮ್ಮನಿಗೆ ಕಂಡಿತು. ಅಲ್ಲಿಗೆ ಅವಳ ಮೇಲೂ ಅನುಮಾನ ಗಟ್ಟಿಯಾಯಿತು. ಸೋದರತ್ತೆಯೂ ಮಗಳೂ ಸೇರಿ ತನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ!

ಸೀಟಿಗೆ ಇನ್ನೊಂದೇ ದಿನ ಉಳಿದಿತ್ತು. ಬೆಳಿಗ್ಗೆ ಮಗಳು ಹೊರಬಿದ್ದ ಕೂಡಲೇ ಲಾಂಡ್ರಿಯಮ್ಮ ಮಡಿಸಿದ ಬೆಡ್‌ಶೀಟುಗಳ ಗಂಟನ್ನು ಹೆಗಲಿಗೇರಿಸಿದಳು. ಯಾರಾದರೂ ಕಂಡರೆ ಗಿರಾಕಿ ಮನೆಗೆ ಎನ್ನಬಹುದಲ್ಲ. ಗೋಡೆ ಬಳಸಿ, ನಿಂತ ಗಾಡಿಗಳ ಮರೆ ಹಿಡಿದು ಹಿಂದೆ ಹಿಂದೆಯೇ ನಡೆದಳು. ಹೊಸ ಮನೆ ಹತ್ತಿರವಾಯಿತು. ಮಗಳು ಆ ಕಡೆ ಕತ್ತು ಕೂಡ ಹೊರಳಿಸದೆ ದಾಟಿಹೋದಳು.

ಏಣಿಯ ಮೇಲಿದ್ದ ಹುಡುಗನೇ ಲಾಂಡ್ರಿಯಮ್ಮನನ್ನು ಕಂಡು ನಕ್ಕ. "ಏನಮ್ಮಾ, ಗಂಟು ದೊಡ್ಡದಿದೆ. ಇಳಿದು ಬರ್ಲಾ, ಹೊರ್ತೀನಿ?"

"ನೀನು ಅಲ್ಲೇ ಇರು!" ಎಂದು ಆಕೆ ಗುಡುಗಿದಳು. ಪಾಪ, ಅವನು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಹಾಗಾದರೆ ಇವನಲ್ಲ. ಇವನಲ್ಲದಿದ್ದರೆ ಇನ್ಯಾರು? ಗುರುತಿದ್ದ ಭಯ ಹೋಗಿ ಗುರುತಿಲ್ಲದ ಭಯ ಬಂತು. ಮಗಳು ಆಸ್ಪತ್ರೆಯ ಗೇಟು ದಾಟಿದಾಗ ತಾಯಿ ಹೆಜ್ಜೆ ಚುರುಕುಗೊಳಿಸಿದಳು. ಸೂಜಿಯಕ್ಕ ಹೇಳಿದ ಮೊದಲನೆಯದೇ ನಿಜವೇ? ಈ ಎಳೆ ವಯಸ್ಸಿಗೆ, ಯಾರಿಗೂ ಹೇಳಲಾಗದ ಯಾವ ಕಾಯಿಲೆ? ದೇವರೇ, ಯಾವ ಹುಡುಗನಾದರೂ ಆಗಲಿ, ಕಾಯಿಲೆಯೊಂದು ಬೇಡ ಎಂದು ನಡೆಯುತ್ತಲೇ ಬೇಡಿಕೊಂಡಳು.

ಮಗಳು ಆಸ್ಪತ್ರೆಯೊಳಗೂ ಹೋಗಲಿಲ್ಲ. ಹಿಂಭಾಗದ ತಗಡು ಚಾವಣಿಯ ಉದ್ದನೆಯ ಕೋಣೆಗೆ ಹೋದಳು. ಲಾಂಡ್ರಿಯಮ್ಮ ಕಿಟಕಿಗೆ ಮುಖವಿಟ್ಟು ನೋಡಿದಳು.

ಗೋಡೆಯುದ್ದಕ್ಕೂ ಕಾಲುಗಳು. ಬಿಳಿ ಪ್ಲಾಸ್ಟರಿನ ಕಾಲುಗಳು, ದೊಡ್ಡವು, ಚಿಕ್ಕವು, ಒಂದು ಮಗುವಿನ ಕಾಲು. ಕುರ್ಚಿಯಲ್ಲಿ ಒಬ್ಬ ಬಸ್ ಕಂಡಕ್ಟರ್, ಮೈಮೇಲೆ ಇನ್ನೂ ಅದೇ ಸಮವಸ್ತ್ರ, ಮಂಡಿಯ ಕೆಳಗೆ ಕಾಲಿಲ್ಲ. ಬಿಳಿ ಕೋಟು ತೊಟ್ಟ ಹಿರಿಯ ಹೆಂಗಸೊಬ್ಬಳು ಹೊಸ ಕಾಲಿನ ಅಚ್ಚು ತೆಗೆಯಲು ಆ ಮೋಟುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಿದ್ದಳು. ಸುತ್ತುವ ಮೊದಲು ಎಲುಬು ಎಲ್ಲಿ ಒತ್ತುತ್ತದೋ ಅಲ್ಲೆಲ್ಲ ನೀರು ಸೋಕಿದರೆ ಬಣ್ಣ ಬಿಡುವ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ಒದ್ದೆಯಾದಾಗ ಆ ಗುರುತೆಲ್ಲ ನೇರಳೆ. ಮಗಳು ನೆಲದಲ್ಲಿ ಮಂಡಿಯೂರಿ, ಪಟ್ಟಿಯನ್ನು ನೀರಲ್ಲಿ ಅದ್ದಿ ಅದ್ದಿ ಕೊಡುತ್ತಿದ್ದಳು.

"ಬಿಗಿ ಆಯ್ತಾ ಮಾಮಾ? ಆಗಿದ್ರೆ ಹೇಳಿ."

"ನೀನು ಕೇಳಿದಷ್ಟು ಸಲ ನನ್ನ ಹೆಂಡ್ತಿ ಕೂಡ ಕೇಳಿಲ್ಲ ಕಣಮ್ಮ," ಎಂದ ಕಂಡಕ್ಟರ್.

ಗಂಟು ಹೆಗಲಿಂದ ಜಾರಿ ಬಿತ್ತು. ಸದ್ದಿಗೆ ಎಲ್ಲರೂ ತಿರುಗಿದರು.

ಅಂಗಳದಲ್ಲಿ ತಾಯಿ ಮಗಳು ಎದುರುಬದುರು ನಿಂತರು. ಮಗಳ ಕೈಯಿಂದ ಬಿಳಿ ನೀರು ತೊಟ್ಟಿಕ್ಕುತ್ತಿತ್ತು.

"ಹೇಳ್ಬಾರ್ದಿತ್ತೇನೇ?"

"ನೀನು ಕೇಳಿದ್ರೆ ಹೇಳ್ತಿದ್ದೆ."

"ಕೇಳಿದ್ನಲ್ಲೇ, ಯಾಕೆ ಅಂತ!"

"ನೀನು ಒಂದ್ಸಲ ಕೇಳ್ದೆ. ಆಮೇಲೆ ದಿನಾ ನನ್ನ ಅಂಗಿ ಬೆಳಕಿಗೆ ಹಿಡ್ಕೊಂಡು ನೋಡ್ತಿದ್ದೆ. ನಾನು ನಿನ್ನ ಗಿರಾಕೀನಾ ಅಮ್ಮಾ?"

ಲಾಂಡ್ರಿಯಮ್ಮ ಬಿದ್ದ ಗಂಟನ್ನು ಎತ್ತಿಕೊಂಡಳು. ಮಗಳೇ ಮುಂದುವರಿಸಿದಳು.

"ಅಕೌಂಟ್ಸ್ ಬೇಡ ಅಂತ ಅಲ್ಲ. ಕೃತಕ ಕಾಲು ಮಾಡೋ ಈ ಕೆಲಸಕ್ಕೂ ಒಂದು ಕೋರ್ಸ್ ಇದೆ, ಅದರ ಪರೀಕ್ಷೆ ಬರೋ ವರ್ಷ. ಬರೀಬೇಕೋ ಬೇಡ್ವೋ ನಂಗೇ ಗೊತ್ತಿಲ್ಲ. ಶಾಲೆಯವರು ಒಂದಿನ ಕರ್ಕೊಂಡು ಬಂದಿದ್ರು. ಅವತ್ತು ಇದನ್ನೆಲ್ಲ ನೋಡಿ ಹೊರಗೆ ಬಂದು ವಾಂತಿ ಮಾಡ್ಕೊಂಡೆ. ಆದ್ರೂ ಮತ್ತೆ ಬಂದೆ. ಯಾಕೆ ಬಂದೆ ಅಂತ ತಿಳ್ಕೊಳ್ಳೋಕೆ ಟೈಮ್ ಬೇಕು. ಗಟ್ಟಿ ಆದ್ಮೇಲೆ ನಿಂಗೆ ಹೇಳೋಣ ಅಂತಿದ್ದೆ. ಅರ್ಧಂಬರ್ಧ ಹೇಳಿದ್ರೆ ವಾದದಲ್ಲಿ ನೀನೇ ಗೆಲ್ತೀಯ."

ನಿಜ, ತಾನೇ ಗೆಲ್ಲುತ್ತಿದ್ದೆ ಎಂದು ತಾಯಿಗೆ ಗೊತ್ತಿತ್ತು. ಸೆರಗಿನಿಂದ ಮಗಳ ಕೈ ಒರೆಸಿದಳು. ಹಾಗೆಂದು ಅನುಮಾನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬಿಡಲಿಲ್ಲ. ಆದರೆ ಈ ಸಲ ಅದು ಬಾಯಿಂದ ಹೊರಗೆ ಬಂತು. ಬಿಳಿ ಕೋಟಿನ ಹೆಂಗಸನ್ನು ಹೊರಗೆ ಕರೆದು ಕೇಳಿಯೇ ಕೇಳಿದಳು. ಮಗಳು ಯಾರ ಕೈಕೆಳಗೆ ಕಲಿಯುತ್ತಾಳೆ? ಜೊತೆಯಲ್ಲಿ ಹೆಂಗಸರು ಇರುತ್ತಾರೆಯೇ? ಎಷ್ಟು ಹೊತ್ತಿಗೆ ಬಿಡುತ್ತೀರಿ? ಪುಕ್ಕಟೆ ಆಳು ಸಿಕ್ಕಿದಳೆಂದು ನೆಲ ಒರೆಸಿಸುತ್ತೀರೋ, ಕೆಲಸ ಕಲಿಸುತ್ತೀರೋ?

ಆ ಹೆಂಗಸು ಬೇಸರಿಸಿಕೊಳ್ಳಲಿಲ್ಲ. "ನೆಲಾನೂ ಒರೆಸ್ತಾಳೆ, ನಾನೂ ಒರೆಸ್ತೀನಿ. ಮಧ್ಯಾಹ್ನಕ್ಕೆ ಮನೆಗೆ ಕಳಿಸ್ತೀನಿ. ಸಂಜೆ ಪುಸ್ತಕ ಹಿಡೀಬೇಕು ಅಂತ ಹೇಳಿದ್ದೀನಿ. ನೀವು ಯಾವಾಗ ಬೇಕಾದ್ರೂ ಬಂದು ನೋಡಿ. ಇವತ್ತಿನ ಹಾಗೆ ಕಿಟಕಿಯಿಂದ ಬೇಡ, ಬಾಗಿಲಿಂದಾನೇ ಬನ್ನಿ."

ಮನೆಗೆ ಬಂದು ಅಪ್ಪನ ಮುಂದೆ ಎಲ್ಲ ಹೇಳಿದಾಗ ಆತ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಮಗಳತ್ತ ತಿರುಗಿದ. ಆಮೇಲೆ ಕೇಳಿದ. "ಸರಿ ಮರಿ. ಓದೋ ಅಭ್ಯಾಸ ಒಂದ್ಸಲ ತಪ್ಪಿದ್ರೆ ಮತ್ತೆ ಕೂರೋದು ಕಷ್ಟ. ನಾನು ಹಾಗೇ ಆದವನು. ಅದಕ್ಕೇನು ಮಾಡ್ತೀಯ?"

ಯಾರೂ ಕೇಳದಿದ್ದ ಪ್ರಶ್ನೆ ಅದು. ಕೊನೆಗೆ ಮೂವರೂ ಸೇರಿ ಒಂದು ಮಾತಿಗೆ ಬಂದರು. ದಿನವೂ ಸಂಜೆ ಓದು. ಬರುವ ವರ್ಷ ಆ ಕೋರ್ಸು ಸಿಕ್ಕರೆ ಅದು, ಇಲ್ಲವೇ ಅಕೌಂಟ್ಸ್. ಎರಡರಲ್ಲಿ ಒಂದಕ್ಕೆ ಸೇರಲೇಬೇಕು. ಇನ್ನೊಂದು ವರ್ಷ ಎಂಬ ಮಾತಿಲ್ಲ.

ಮಾರನೆಯ ದಿನ, ಕೊನೆಯ ದಿನ, ಕಾಲೇಜಿನ ಆಫೀಸಿನಲ್ಲಿ ಮಗಳೇ ನಿಂತು ಕಾರಣ ಹೇಳಿದಳು. ಪ್ರಿನ್ಸಿಪಾಲರು ಪೂರ್ತಿ ಕೇಳಿ, ಎರಡು ಪ್ರಶ್ನೆ ಹಾಕಿ, ಕೊನೆಗೆ ಹೇಳಿದರು. "ಆಗಲಿ, ಬರೋ ವರ್ಷಕ್ಕೆ ಸೀಟು ಇಟ್ಟಿರ್ತೀವಿ. ಹೇಳಿದ ದಿನದೊಳಗೆ ಬಂದು ಸೇರ್ಬೇಕು, ತಪ್ಪಿದ್ರೆ ನಾವು ಜವಾಬ್ದಾರರಲ್ಲ."

"ಅದನ್ನೇ ಬರೆದು ಕೊಟ್ಬಿಡಿ ಸಾರ್," ಎಂದಳು ಲಾಂಡ್ರಿಯಮ್ಮ.

"ನಮ್ಮ ಮಾತಿನ ಮೇಲೆ ನಂಬಿಕೆ ಇಲ್ವೇನಮ್ಮಾ?"

"ನಂಬಿಕೆ ಇದೆ ಸಾರ್. ಮುಂದಿನ ವರ್ಷ ಈ ಕುರ್ಚೀಲಿ ನೀವೇ ಇರ್ತೀರಿ ಅನ್ನೋ ನಂಬಿಕೆ ಇಲ್ಲ."

ನಾದಿನಿ ತಲೆ ತಗ್ಗಿಸಿ ಕೆಮ್ಮಿದಳು. ಪ್ರಿನ್ಸಿಪಾಲರು ನಕ್ಕು, ಬರೆಸಿ, ಸಹಿ ಹಾಕಿ, ಮೊಹರು ಒತ್ತಿಸಿ ಕೊಟ್ಟರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಮಗ, ಇಂಥ ಒಬ್ಬ ಮಗಳು ಇರಬಹುದು. ಕಾಲೇಜಿಗೆ ಮೊದಲು ಒಂದು ವರ್ಷ ಬೇಕು ಅಂದ ಮಾತ್ರಕ್ಕೆ ದಾರಿ ತಪ್ಪಿದರೆಂದು ತಿಳಿಯಬೇಡಿ. ಹಾಗೆಂದು ಕೇಳಿದ್ದಕ್ಕೆಲ್ಲ ಹೂಂ ಎನ್ನಲೂ ಬೇಡಿ. ಆ ವರ್ಷ ಎಲ್ಲಿ, ಯಾರ ಬಳಿ, ಏನು ಕಲಿಯಲಿಕ್ಕೆ ಎಂದು ವಿಚಾರಿಸಿ. ಆ ಜಾಗಕ್ಕೆ ನೀವೇ ಹೋಗಿ ಕಣ್ಣಾರೆ ನೋಡಿ. ಸೀಟು ಸಿಕ್ಕಿದ್ದರೆ ಕೊನೆಯ ದಿನಕ್ಕೆ ಮೊದಲೇ ಕಾಲೇಜಿಗೆ ಹೋಗಿ ಮುಂದಿನ ವರ್ಷಕ್ಕೆ ಇಡುತ್ತಾರೋ ಕೇಳಿ, ಇಡುವುದಾದರೆ ಬರವಣಿಗೆಯಲ್ಲಿ ಪಡೆಯಿರಿ, ಇಡುವುದಿಲ್ಲ ಎಂದರೆ ಬೇರೆ ದಾರಿ ಕಂಡುಕೊಂಡ ಮೇಲೆಯೇ ಸೀಟು ಬಿಡಿ. ಮರಳಿ ಓದಿಗೆ ಸೇರುವ ದಿನವನ್ನು ಮಗುವಿನ ಬಾಯಿಂದಲೇ ಹೇಳಿಸಿ.

ಮಕ್ಕಳೇ, ನಿಮಗೂ ಒಂದು ಮಾತು. ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಡಿ. ಅರ್ಧ ಗೊತ್ತಿದ್ದರೆ ಆ ಅರ್ಧವನ್ನೇ ಹೇಳಿ.

ಅಪ್ಪ ಅಮ್ಮಂದಿರೇ, ಇವತ್ತೇ ಮಗುವನ್ನು ಹತ್ತಿರ ಕೂರಿಸಿಕೊಂಡು "ನಿನ್ನ ಮನಸ್ಸಲ್ಲಿ ಏನಿದೆ?" ಎಂದು ಕೇಳಿ. ಕೇಳಿದ ಮೇಲೆ, ದಯವಿಟ್ಟು, ಉತ್ತರ ಮುಗಿಯುವವರೆಗೂ ನಡುವೆ ಬಾಯಿ ಹಾಕಬೇಡಿ.