ಪುಟಕ್ಕೆ ಎರಡು ರೂಪಾಯಿ

"ಅರ್ಜಿ ಮೇಜಿನ ಮೇಲಿಡ್ಬೇಡ ಕಣೇ. ಅಲ್ಲೇ ಹಿಡ್ಕೊಂಡು ನಿಂತ್ಕೊ, ಇಲ್ಲಿಂದ್ಲೇ ಓದ್ತೀನಿ. ಮೇಜು ಈಗ ತಾನೇ ಒರೆಸಿದಾರೆ."

ಒರೆಸಿದ್ದು ಅವಳೇ. ಹನ್ನೊಂದು ವರ್ಷದಿಂದ ಆ ಮೇಜನ್ನು, ಅದರ ಹಿಂದಿನ ದಾಖಲೆ ಕೋಣೆಯನ್ನು, ಕೋಣೆಯಾಚೆಯ ಸಾಹೇಬರ ಕಕ್ಕಸನ್ನು ಒರೆಸುತ್ತ ಬಂದವಳು. ಕಚೇರಿಯಲ್ಲಿ ಅವಳ ಹೆಸರು ಪೊರಕೆ. ಪೊರಕೆಯ ಕೈಯಲ್ಲಿ ಇವತ್ತು ಕಾಗದ ಇದ್ದದ್ದೇ ಗುಮಾಸ್ತನಿಗೆ ಕಣ್ಣುಕಿಸುರಾಗಿತ್ತು.

ಮೂರು ತಿಂಗಳ ಹಿಂದೆ ಅವಳ ಗಂಡ ಚರಂಡಿಯ ಗುಂಡಿಗೆ ಕಾಲೂರಿ ಇಳಿದವನು, ಮೇಲೆ ಬಂದದ್ದು ಹಗ್ಗದಲ್ಲಿ. ಆ ದಿನ ಅವನು ಕೆಲಸಕ್ಕೇ ಬಂದಿರಲಿಲ್ಲ, ಕುಡಿದು ಗುಂಡಿಗೆ ಬಿದ್ದಿದ್ದಾನೆ ಎಂದು ಕಚೇರಿ ಬರೆದು ಕೈತೊಳೆದುಕೊಂಡಿತು. ಕೆಲಸಕ್ಕೆ ಬಾರದವನ ಸಾವಿಗೆ ಪರಿಹಾರವೆಲ್ಲಿಯದು. ಅವಳು ಕೇಳುತ್ತಿದ್ದದ್ದು ಆ ದಿನದ ಹಾಜರಿ ಪುಟದ ನಕಲು, ಒಂದೇ ಒಂದು ಪುಟ.

"ಒಂದೇ ಪುಟ ಅಂತೀಯ. ಹುಡುಕ್ಬೇಕಲ್ಲ?" ಗುಮಾಸ್ತ ಬೆರಳು ಮಡಿಚತೊಡಗಿದ. "ನಲವತ್ತು ಗಂಟೆ ಹುಡುಕೋ ಕೆಲ್ಸ. ಮೇಲ್ವಿಚಾರಣೆ ಬೇರೆ. ಆಮೇಲೆ ಧೂಳಿನ ಭತ್ಯೆ. ಹದಿನೆಂಟು ಸಾವಿರ ಕಟ್ಟು, ನೋಡೋಣ."

"ಧೂಳು ನಾನು ಹೊಡೀತೀನಲ್ಲ ಸ್ವಾಮಿ."

"ಅದಕ್ಕೇ ಸಂಬಳ ಕೊಡಲ್ವೇನೆ ನಿಂಗೆ?"

ಸಾಲಿನಲ್ಲಿ ನಿಂತಿದ್ದ ಹಾಲಿನವನು ಕಿಸಕ್ಕೆಂದ. ಅವಳು ನಗಲಿಲ್ಲ.

"ಪುಟಕ್ಕೆ ಎರಡು ರೂಪಾಯಿ. ಹುಡುಕೋಕೆ ದುಡ್ಡು ತಗೋಬಾರ್ದು. ಇಲ್ಲೇ ಕೂತು ನೋಡೋದಾದ್ರೆ ಮೊದಲ್ನೇ ಗಂಟೆ ಪುಕ್ಕಟೆ."

"ಯಾವನೇ ಹೇಳ್ದೋನು?"

"ಗೋಡೆ."

ಮಾಹಿತಿ ಹಕ್ಕಿನ ಶುಲ್ಕದ ಹಲಗೆಯನ್ನು ಗೋಡೆಗೆ ಹಾಕಲೇಬೇಕೆಂದು ಮೇಲಿನಿಂದ ಆದೇಶವಿತ್ತು. ಹಾಕಿದ್ದರು. ಆಮೇಲೆ ಅದರ ಮುಂದೆ ಒಂದು ಬೀರು ಇಟ್ಟರು. ಬೀರು ಇಡಬಾರದೆಂದು ಆದೇಶದಲ್ಲಿ ಎಲ್ಲೂ ಇರಲಿಲ್ಲ. ಜೇಡರ ಬಲೆ ತೆಗೆಯಲು ಬೀರು ಸರಿಸುವವಳು ಇವಳೊಬ್ಬಳೇ. ಮೂರನೇ ಕ್ಲಾಸಿನ ಓದು. ವರ್ಷಕ್ಕೆರಡು ಸಲ ಒಂದೊಂದೇ ಅಕ್ಷರ ಒರೆಸುತ್ತ ಒರೆಸುತ್ತ ಹಲಗೆ ಪೂರ್ತಿ ಬಾಯಿಪಾಠವಾಗಿತ್ತು.

"ನಾಲ್ಗೆ ಉದ್ದ ಆಯ್ತು ಮುಂಡೆಗೆ."

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು.

"ಹೌದು ಸ್ವಾಮಿ, ಮುಂಡೆನೇ," ಅವಳ ದನಿ ಏರಲಿಲ್ಲ. "ಎಲ್ಲಿ ಆದೆ, ಯಾವತ್ತು ಆದೆ ಅಂತ ಬರ್ಕೊಡಿ ಅಂತಲೇ ಅರ್ಜಿ ಹಾಕಿರೋದು."

ಅವಳು ದಾಖಲೆ ಕೋಣೆಗೆ ನಡೆದಳು. ನಲವತ್ತು ಗಂಟೆ ಬೇಕಾಗಲಿಲ್ಲ. ಗುಂಡಿಗಿಳಿಯುವವರ ಹಾಜರಿ ಪುಸ್ತಕವನ್ನು ಅವಳು ಕಣ್ಣು ಮುಚ್ಚಿಕೊಂಡೇ ಹುಡುಕಬಲ್ಲಳು. ಮುಟ್ಟಿದರೆ ಹೊಲಸಾಗುತ್ತದೆಂದು ಗುಂಡಿಗಿಳಿಯುವವರಿಗೆ ಮೇಸ್ತ್ರಿ ಇಂಕ್ ಪ್ಯಾಡ್ ಕೊಡುತ್ತಿರಲಿಲ್ಲ. ಗುಂಡಿಯ ಮುಚ್ಚಳ ತೆಗೆದ ಮೇಲೆ, ಅಂಚಿನ ಕೆಸರಿಗೆ ಹೆಬ್ಬೆರಳು ಅದ್ದಿ ಒತ್ತಬೇಕು. ಇಳಿಯುವಾಗ ಒಂದು, ಮೇಲೆ ಬಂದಾಗ ಇನ್ನೊಂದು. ಆ ಪುಸ್ತಕಗಳ ನಾತ ತಡೆಯಲಾರದೆ ಗುಮಾಸ್ತನೇ ಅವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ ಕಕ್ಕಸಿನ ಪಕ್ಕದ ಕೆಳಗಿನ ಕಪಾಟಿಗೆ ತಳ್ಳಿಸಿದ್ದ. ತಳ್ಳಿದವಳೂ ಅವಳೇ.

ಗುಮಾಸ್ತನ ಟೀ ಆರುವ ಮೊದಲೇ ಪುಸ್ತಕ ಮೇಜಿನ ಮೇಲಿತ್ತು. ತಾರೀಖಿನ ಪುಟ ತೆರೆದಳು. ಗಂಡನ ಹೆಸರಿನೆದುರು 'ಒಳಗೆ' ಎಂಬ ಮನೆಯಲ್ಲಿ ಒಣಗಿದ ಕಪ್ಪು ಗುರುತು, ನಡುವೆ ಅಡ್ಡ ಗೀರು. ಹಿಂದೊಮ್ಮೆ ಮುಚ್ಚಳ ಬಿದ್ದು ಸೀಳಿದ್ದ ಆ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದು ಅವಳು. 'ಹೊರಗೆ' ಎಂಬ ಮನೆಯಲ್ಲಿ ಏನೂ ಇರಲಿಲ್ಲ.

ಮಾತಿನ ಸದ್ದು ಕೇಳಿ ಸಾಹೇಬರು ಹೊರಬಂದರು. ಮೂಗಿಗೆ ಕರವಸ್ತ್ರ ಹಿಡಿದು ಪುಟ ನೋಡಿದರು. ಆಮೇಲೆ ಅವರ ದನಿ ಬೆಣ್ಣೆಯಾಯಿತು.

"ಇದು ಅರ್ಧ ಹಾಜರಿ ಕಣಮ್ಮ. ಹೊರಗೆ ಬಂದ ಗುರುತಿಲ್ದೆ ಪುಟ ಪೂರ್ತಿ ಆಗಲ್ಲ, ಪೂರ್ತಿ ಆಗ್ದೆ ನಕಲು ಕೊಡೋ ಹಾಗಿಲ್ಲ. ಅವನ ಪರವಾಗಿ ನೀನೇ ಒಂದು ಒತ್ಬಿಡು. ಏಯ್, ಪ್ಯಾಡ್ ಕೊಡೋ ಆ ಯಮ್ಮಂಗೆ."

ಗುಮಾಸ್ತ ಎರಡೂ ಕೈಯಲ್ಲಿ ಇಂಕ್ ಪ್ಯಾಡ್ ಹಿಡಿದು ಬಂದ. ಗಂಡ ಬದುಕಿದ್ದಷ್ಟು ದಿನ ಮುಟ್ಟಲು ಕೊಡದ ಪ್ಯಾಡ್. ಹೊಚ್ಚ ಹೊಸದು, ನೀಲಿ. ಒಳಗೆ ಹೋದವನು ಹೊರಗೆ ಬಂದ ಎಂದಾದರೆ, ಗುಂಡಿಯಲ್ಲಿ ಸತ್ತವನು ಯಾರು?

ಅವಳು ಪ್ಯಾಡಿನ ಮುಚ್ಚಳ ಮುಚ್ಚಿದಳು.

"ಹೊರಗೆ ಬಂದಿದ್ರೆ ಅವ್ರೇ ಒತ್ತಿರೋರು ಸ್ವಾಮಿ."

ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿಯ ನಾಣ್ಯವನ್ನು ಮೇಜಿನ ನಟ್ಟನಡುವೆ ಇಟ್ಟಳು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬೀರುವಿಗೆ ಹೆಗಲು ಕೊಟ್ಟಳು. ಅದು ನೆಲ ಕೆರೆಯುತ್ತ ಸರಿಯಿತು. ಹಲಗೆ ಫಳಫಳ ಹೊಳೆಯುತ್ತಿತ್ತು; ಒರೆಸುವ ಕೈ ಅಂಥದ್ದು. ಹಾಲಿನವನು ತನಗೇ ಕೇಳುವಷ್ಟು ಮೆಲ್ಲಗೆ ಓದತೊಡಗಿದ, "ಪುಟ ಒಂದಕ್ಕೆ..."

ಅವಳು ಹಲಗೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, ಪುಟವನ್ನು ಮಡಿಲಲ್ಲಿ ತೆರೆದುಕೊಂಡಳು.

"ಪುಸ್ತಕ ಕೊಡೇ ಇಲ್ಲಿ," ಗುಮಾಸ್ತ ಗದರಿದ.

"ಮೊದಲ್ನೇ ಗಂಟೆ ಪುಕ್ಕಟೆ ಸ್ವಾಮಿ. ಈಗ ಶುರುವಾಯ್ತು."

ಗುಮಾಸ್ತನ ಕೈಯಲ್ಲಿ ಪ್ಯಾಡ್ ಇನ್ನೂ ಇತ್ತು. ಅವಳು ಗೋಡೆ ಗಡಿಯಾರದತ್ತ ಒಮ್ಮೆ ನೋಡಿ, 'ಹೊರಗೆ' ಎಂಬ ಆ ಖಾಲಿ ಮನೆಯ ಮೇಲೆ ಅಂಗೈ ಊರಿದಳು.